ಬಟ್ಟೆ ಚೀಲ ತಂದರೂ ಮನೆಯಲ್ಲಿ ಪ್ಲಾಸ್ಟಿಕ್ ಯಾಕೆ ಕಡಿಮೆಯಾಗುತ್ತಿಲ್ಲ?

ಪ್ರಶ್ನೆ: “ನಮ್ಮದು ಶಿವಮೊಗ್ಗ, ಊರಂಚಿನ ಬಡಾವಣೆ. ಮನೆಯಲ್ಲಿ ಐದು ಜನ. ನಾನು, ನಮ್ಮ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಒಂದು ವರ್ಷದ ಹಿಂದೆ ಪ್ಲಾಸ್ಟಿಕ್ ಕಡಿಮೆ ಮಾಡಲೇಬೇಕು ಅಂತ ಹೊರಟೆ. ಆರು ಬಟ್ಟೆ ಚೀಲ ತಂದೆ, ಬಿದಿರಿನ ಬ್ರಷ್ ತಂದೆ, ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಗಳಲ್ಲಿ ಅರ್ಧ ಎಸೆದು ಗಾಜಿನವು ತಂದೆ. ದುಡ್ಡು ಖರ್ಚಾಯಿತು, ಕಸ ಕಡಿಮೆಯಾಗಲಿಲ್ಲ. ಈಗಲೂ ವಾರಕ್ಕೆ ಒಂದು ದೊಡ್ಡ ಚೀಲ ತುಂಬ ಪ್ಲಾಸ್ಟಿಕ್ ಹೊರಗೆ ಹೋಗುತ್ತದೆ. ಅತ್ತೆ ಹಾಲಿನ ಕವರ್ ಹಾಕಿಯೇ ಬಚ್ಚಲು ಒಲೆ ಹೊತ್ತಿಸುತ್ತಾರೆ. ಬೇಡ ಅಂದರೆ ‘ಕಸದ ಗಾಡಿಯವರು ಎಲ್ಲ ಒಂದೇ ಕಡೆ ಸುರಿಯುತ್ತಾರೆ, ಸುಟ್ಟರೆ ಏನೀಗ’ ಅನ್ನುತ್ತಾರೆ. ಯಜಮಾನರು ‘ನಮ್ಮೊಂದು ಮನೆಯಿಂದ ಏನಾಗುತ್ತೆ’ ಅನ್ನುತ್ತಾರೆ. ಇನ್ನೊಂದು ಕಡೆ, ವಾರಕ್ಕೆ ಎಟಿಎಂ ಕಾರ್ಡಿನಷ್ಟು ಪ್ಲಾಸ್ಟಿಕ್ ನಮ್ಮ ಹೊಟ್ಟೆಗೆ ಹೋಗುತ್ತದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ, ಓದಿದ ದಿನ ನಿದ್ದೆ ಬರುವುದಿಲ್ಲ. ಮುಂದಿನ ತಿಂಗಳು ನಾದಿನಿಯ ಮಗುವಿನ ನಾಮಕರಣ ನಮ್ಮ ಮನೆಯಲ್ಲೇ. ನೂರೈವತ್ತು ಜನ ಬರುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?”

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಗಂಟು ಬಿದ್ದಿವೆ. ಒಂದು, ಪ್ಲಾಸ್ಟಿಕ್ಕಿನಿಂದ ನಮ್ಮ ಮೈಗೆ ಏನಾಗುತ್ತದೆ ಅನ್ನುವುದು. ಇನ್ನೊಂದು, ನಮ್ಮ ಮನೆಯಿಂದ ಹೊರಗೆ ಹೋದ ಪ್ಲಾಸ್ಟಿಕ್ ಏನಾಗುತ್ತದೆ ಅನ್ನುವುದು. ಇವೆರಡೂ ಬೇರೆ ಬೇರೆ, ಪರಿಹಾರವೂ ಬೇರೆ. ಗಂಟು ಬಿಚ್ಚದೆ ಹೊರಟರೆ ನಿಮಗಾದ ಹಾಗೆಯೇ ಆಗುತ್ತದೆ. ಇರುವ ಡಬ್ಬ ಎಸೆಯುತ್ತೇವೆ, ಹೊಸ ಸಾಮಾನು ತರುತ್ತೇವೆ, ದಿನಾ ಬಾಗಿಲೊಳಗೆ ಬರುವ ಕವರ್ ಮಾತ್ರ ಬರುತ್ತಲೇ ಇರುತ್ತದೆ.

ನಾನು ಕಸದ ಕೆಲಸದಲ್ಲಿ ಹದಿನೈದು ವರ್ಷದ ಮೇಲೆ ಇದ್ದೇನೆ. ಅದರಲ್ಲಿ ಬಹುಪಾಲು ಒಣಕಸ ವಿಂಗಡಿಸುವ ಶೆಡ್ಡುಗಳಲ್ಲಿ, ಆ ಕೆಲಸ ಮಾಡುವ ಹೆಂಗಸರ ಪಕ್ಕದಲ್ಲಿ ಕೂತು ಕಲಿತದ್ದು. ಅಲ್ಲಿ ರಾಶಿ ನೋಡಿದವರಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ರಾಶಿಯಲ್ಲಿ ಅಡುಗೆಮನೆ ಡಬ್ಬ, ಬ್ರಷ್ಷು, ಬಕೆಟ್ಟು ತೀರಾ ಕಡಿಮೆ. ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ಸಾಮಾನು ಅದು. ರಾಶಿ ತುಂಬ ಇರುವುದು ಪ್ಯಾಕೆಟ್ಟು: ಹಾಲಿನದು, ಎಣ್ಣೆಯದು, ಚಿಪ್ಸಿನದು, ಬಿಸ್ಕತ್ತಿನದು, ಶಾಂಪೂವಿನದು, ಹೋಟೆಲ್ ಪಾರ್ಸಲ್ಲಿನದು. ಬಂದು ಒಂದು ಗಂಟೆಯೊಳಗೆ, ಹೆಚ್ಚೆಂದರೆ ಒಂದು ದಿನದೊಳಗೆ ಕಸವಾಗುವಂಥದ್ದು. ನಿಮ್ಮ ಆರು ಬಟ್ಟೆ ಚೀಲ ಕಡಿಮೆ ಮಾಡಿದ್ದು ಕೈಚೀಲವನ್ನು ಮಾತ್ರ. ಆ ಚೀಲದೊಳಗೆ ಬರುವ ಪ್ಯಾಕೆಟ್ಟುಗಳನ್ನು ಅವು ತಡೆಯಲಾರವು ಅಲ್ವಾ.

ಮೊದಲು ನಿದ್ದೆಗೆಡಿಸುವ ಆ ಮೆಸೇಜಿನ ವಿಷಯ ಮುಗಿಸೋಣ. ವಾರಕ್ಕೆ 5 ಗ್ರಾಂ, ಅಂದರೆ ಒಂದು ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ ಅನ್ನುವ ಮಾತು 2019ರಲ್ಲಿ ಹುಟ್ಟಿತು. ಬೇರೆ ಬೇರೆ ಅಧ್ಯಯನಗಳ ಕಣಗಳ ಎಣಿಕೆಯನ್ನು ತೂಕಕ್ಕೆ ಬದಲಾಯಿಸಿ ಮಾಡಿದ ಅಂದಾಜು ಅದು. ನಂತರ ಅದನ್ನು ಪರಿಶೀಲಿಸಿದ ವಿಜ್ಞಾನಿಗಳು ಲೆಕ್ಕ ವಿಪರೀತ ಜಾಸ್ತಿಯಾಗಿದೆ, ನಿಜವಾದ ಪ್ರಮಾಣ ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ ಎಂದು ತೋರಿಸಿದರು. ಹಾಗಂತ ಭಯ ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. 2024ರಲ್ಲಿ ಇಟಲಿಯ ವೈದ್ಯರು ಕತ್ತಿನ ರಕ್ತನಾಳದಲ್ಲಿ ಕಟ್ಟಿದ್ದ ಕೊಬ್ಬನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದು ಪರೀಕ್ಷಿಸಿದರು. 257 ರೋಗಿಗಳಲ್ಲಿ 150 ಜನರ ಕೊಬ್ಬಿನಲ್ಲಿ ಪಾಲಿಥೀನ್ ಕಣಗಳಿದ್ದವು, ಮತ್ತು ಅಂಥವರಲ್ಲಿ ಮುಂದಿನ ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಜಾಸ್ತಿ ಕಂಡುಬಂತು. ಕಣಗಳೇ ಅದಕ್ಕೆ ಕಾರಣ ಅಂತ ಆ ಅಧ್ಯಯನ ಸಾಬೀತು ಮಾಡಿಲ್ಲ. ಎರಡೂ ಒಟ್ಟಿಗೆ ಕಂಡವು, ಅಷ್ಟೇ. ಎಚ್ಚರ ಬೇಕು, ಗಾಬರಿ ಬೇಡ ಅನ್ನುವ ಜಾಗದಲ್ಲಿ ನಾವಿದ್ದೇವೆ.

ಎಚ್ಚರ ಎಲ್ಲಿ ಬೇಕು? ಬಿಸಿ, ಎಣ್ಣೆ, ಹುಳಿ. ಈ ಮೂರು ಪ್ಲಾಸ್ಟಿಕ್ಕಿಗೆ ತಾಗುವ ಕಡೆ. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರಲ್ಲ, ಅದು. ಪಾರ್ಸಲ್ ಡಬ್ಬಿಯಲ್ಲೇ ಊಟ ಬಿಸಿ ಮಾಡುವುದು. ಉಪ್ಪಿನಕಾಯಿಯನ್ನು ವರ್ಷಗಟ್ಟಲೆ ಪ್ಲಾಸ್ಟಿಕ್ ಜಾಡಿಯಲ್ಲಿ ಇಡುವುದು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತೆಯವರು ಹೋಟೆಲ್‌ಗಳಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದನ್ನು ಪತ್ತೆ ಮಾಡಿದ್ದು, ಸರ್ಕಾರ ಅದನ್ನು ನಿಲ್ಲಿಸಲು ಹೊರಟದ್ದು ನೀವೂ ಓದಿರಬಹುದು. ಹಬೆಯ ಬಿಸಿಯಲ್ಲಿ ಹಿಟ್ಟಿಗೆ ತಾಗಿಕೊಂಡೇ ಇರುವ ಹಾಳೆ ಅದು, ಹಾಗಾಗಿ ಆ ಆತಂಕಕ್ಕೆ ಅರ್ಥ ಇತ್ತು. ಆದರೆ ಒಣ ತೊಗರಿಬೇಳೆ, ರಾಗಿ ಹಿಟ್ಟು, ಸಕ್ಕರೆ ತುಂಬಿಟ್ಟ ಡಬ್ಬದಿಂದ ಹೆದರಬೇಕಾದ್ದು ಬಹಳ ಕಡಿಮೆ.

ಹಾಗಾಗಿ ಉಳಿದ ಅರ್ಧ ಡಬ್ಬಗಳನ್ನು ದಯವಿಟ್ಟು ಎಸೆಯಬೇಡಿ. ಆ ಡಬ್ಬ ತಯಾರಿಸಲು ಆಗಬೇಕಾದ ಹಾನಿ ಎಂದೋ ಆಗಿಹೋಗಿದೆ. ಈಗ ಎಸೆದರೆ ಕಸ ಒಂದು ಹೆಚ್ಚಾಯಿತು, ಹೊಸ ಗಾಜಿನ ಡಬ್ಬಕ್ಕೆ ಮತ್ತೊಂದು ಕುಲುಮೆ ಉರಿಯಿತು. ಒಣ ಸಾಮಾನಿಗೆ ಅವೇ ಇರಲಿ. ಬಿಸಿಗೆ, ಎಣ್ಣೆಗೆ, ಹುಳಿಗೆ ಸ್ಟೀಲು, ಗಾಜು, ಪಿಂಗಾಣಿ. ಬಿರುಕು ಬಿಟ್ಟ ಡಬ್ಬಗಳು ಮೊಳೆ, ಬೀಜ, ಮಕ್ಕಳ ಬಣ್ಣದ ಪೆನ್ಸಿಲ್‌ಗೆ ಆಗುತ್ತವೆ. ಬಿದಿರಿನ ಬ್ರಷ್ ಸವೆದ ಮೇಲೆ ಗೊಬ್ಬರದ ಗುಂಡಿಗೆ ಹಾಕುವುದಾದರೆ ಮೊದಲು ಅದರ ಕೂದಲು ಕಿತ್ತು ತೆಗೆಯಿರಿ. ಹೆಚ್ಚಿನವುಗಳಲ್ಲಿ ಕೂದಲು ನೈಲಾನೇ.

ಇನ್ನು ಪ್ಲಾಸ್ಟಿಕ್ ಅಲ್ಲ ಅಂದುಕೊಂಡು ನಾವು ಮನೆಗೆ ತರುವ ಪ್ಲಾಸ್ಟಿಕ್‌ಗಳ ವಿಷಯ. ನನಗೆ ತುಂಬ ಬೇಸರ ತರುವುದು ಇದೇ, ಯಾಕೆಂದರೆ ಇಲ್ಲಿ ಮೋಸ ಹೋಗುವವರು ಕಾಳಜಿ ಇರುವ ಜನರೇ.

ಬಟ್ಟೆ ಅಂಗಡಿಯಲ್ಲಿ, ಸಿಹಿತಿಂಡಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ತಾಂಬೂಲದ ಜೊತೆ ಕೊಡುವ ಬಣ್ಣದ ಚೀಲ ಇದೆಯಲ್ಲ, ಮುಟ್ಟಿದರೆ ಬಟ್ಟೆಯ ಹಾಗೆ, ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಚುಕ್ಕಿ ಒತ್ತಿದ ಹಾಗೆ ಇರುತ್ತದೆ. ಅದು ಬಟ್ಟೆ ಅಲ್ಲ. ನಾನ್ ವೋವನ್ ಅನ್ನುತ್ತಾರೆ. ಅದು ಪಾಲಿಪ್ರೊಪಿಲೀನ್, ಬಕೆಟ್ ಮಾಡುವ ಪ್ಲಾಸ್ಟಿಕ್ಕಿನ ಎಳೆ. ಬೇಕಾದರೆ ಒಂದನ್ನು ಹಿತ್ತಲಿನ ತಂತಿಗೆ ಸಿಕ್ಕಿಸಿ ಕೆಲವು ತಿಂಗಳು ಬಿಸಿಲಿಗೆ ಬಿಡಿ. ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತದೆ. ಕೊಳೆತು ಉದುರುವುದಲ್ಲ ಅದು. ಪ್ಲಾಸ್ಟಿಕ್ಕೇ ಸಣ್ಣ ಚೂರಾಗಿ ಮಣ್ಣು ಸೇರುತ್ತಿರುತ್ತದೆ. ನಿಮ್ಮ ಆರು ಚೀಲಗಳಲ್ಲಿ ಇಂಥವು ಎಷ್ಟಿವೆ ಅಂತ ಒಮ್ಮೆ ನೋಡಿಕೊಳ್ಳಿ. ಇದ್ದರೆ ಹರಿಯುವ ತನಕ ಬಳಸಿ, ಹೊಸದು ಬೇಡ ಅನ್ನಿ.

ನಿಜವಾದ ಹತ್ತಿ ಚೀಲಕ್ಕೂ ಒಂದು ಲೆಕ್ಕ ಇದೆ. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಒಂದು ಹತ್ತಿ ಚೀಲವನ್ನು 131 ಸಲ ಬಳಸಿದರೆ ಮಾತ್ರ ಹವಾಮಾನದ ಮೇಲಿನ ಅದರ ಹೊರೆ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಕವರಿನ ಹೊರೆಗೆ ಸಮನಾಗುತ್ತದೆ. ಹತ್ತಿ ಬೆಳೆಯಲು ನೀರು, ಗೊಬ್ಬರ, ನೇಯಲು ಕರೆಂಟು ಎಲ್ಲ ಬೇಕಲ್ಲ. ವಾರಕ್ಕೆ ಎರಡು ಸಲ ಒಯ್ದರೆ ಒಂದೂಕಾಲು ವರ್ಷ ಆಯಿತು. ಈ ಲೆಕ್ಕವನ್ನು ಹಿಡಿದುಕೊಂಡು ‘ನೋಡಿ, ಪ್ಲಾಸ್ಟಿಕ್ ಕವರೇ ಒಳ್ಳೆಯದು’ ಅನ್ನುವವರಿದ್ದಾರೆ. ಅವರು ಬಿಟ್ಟುಬಿಡುವ ಮಾತು ಏನೆಂದರೆ, ಚರಂಡಿ ಕಟ್ಟಿಕೊಳ್ಳುವುದು, ಹಸುವಿನ ಹೊಟ್ಟೆ ಸೇರುವುದು ಆ ಲೆಕ್ಕದಲ್ಲಿ ಇಲ್ಲ. ಬೀದಿ ಹಸುಗಳ ಹೊಟ್ಟೆ ಕೊಯ್ದು ಕಿಲೋಗಟ್ಟಲೆ ಕವರ್ ತೆಗೆದ ಪಶುವೈದ್ಯರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಆದರೂ ಲೆಕ್ಕದಿಂದ ಕಲಿಯುವುದು ಇದೆ: ಚೀಲ ಹೊಸದಾಗಿ ಕೊಂಡರೆ ಹಾನಿ ಶುರುವಾಗುತ್ತದೆ, ಹಳೆಯದನ್ನೇ ಒಯ್ಯುತ್ತಾ ಹೋದರೆ ಕರಗುತ್ತದೆ. ಹಳೇ ಸೀರೆ, ಹಳೇ ಪ್ಯಾಂಟಿನಲ್ಲಿ ಹೊಲಿದ ಚೀಲಕ್ಕೆ ಯಾವ ಹತ್ತಿಯನ್ನೂ ಹೊಸದಾಗಿ ಬೆಳೆಯಬೇಕಿಲ್ಲ. ಬೈಕಿನ ಡಿಕ್ಕಿಯಲ್ಲಿ ಎರಡು ಯಾವಾಗಲೂ ಇರಲಿ. ಮನೆಯ ಮೊಳೆಗೆ ನೇತುಹಾಕಿದ ಚೀಲ ಸಂತೆಗೆ ಬರುವುದಿಲ್ಲ.

ಪೇಪರ್ ಕಪ್ಪಿನದೂ ಅದೇ ಕಥೆ. ಬರೀ ಕಾಗದ ಬಿಸಿ ಕಾಫಿ ತಡೆಯುತ್ತದೆಯೇ? ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷೆ ಮಾಡಿದಾಗ 85ರಿಂದ 90 ಡಿಗ್ರಿ ಬಿಸಿಯ 100 ಮಿ.ಲೀ. ನೀರು ಅಂಥ ಕಪ್ಪಿನಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ ಎಂದು ಕಂಡರು. ಕಸವಾಗಿಯೂ ಅದು ತೊಂದರೆಯೇ. ಪೇಪರ್ ಕೊಳ್ಳುವವರು ಪ್ಲಾಸ್ಟಿಕ್ ಇದೆ ಅಂತ ಬೇಡ ಅನ್ನುತ್ತಾರೆ, ಪ್ಲಾಸ್ಟಿಕ್ ಕೊಳ್ಳುವವರು ಪೇಪರ್ ಇದೆ ಅಂತ ಬೇಡ ಅನ್ನುತ್ತಾರೆ.

‘ಮಣ್ಣಲ್ಲಿ ಕರಗುವ ಕವರ್’ ಅಂತ ಹಸಿರು ಬಣ್ಣದಲ್ಲಿ ಬರುವವು ಇನ್ನೊಂದು. ನಿಜವಾಗಿ ಗೊಬ್ಬರವಾಗುವ ಕವರಿಗೆ ಐಎಸ್ 17088 ಎಂಬ ಮಾನದಂಡ ಇದೆ, ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದಿರಬೇಕು. ಅಂಥದ್ದೂ ಕೂಡ ಕರಗುವುದು ದೊಡ್ಡ ಗೊಬ್ಬರ ಘಟಕದ ಸುಮಾರು 58 ಡಿಗ್ರಿ ಬಿಸಿಯಲ್ಲಿ, ವಾರಗಟ್ಟಲೆ. ನಿಮ್ಮ ಹಿತ್ತಲ ಗುಂಡಿ ಅಷ್ಟು ದಿನ ಅಷ್ಟು ಬಿಸಿ ಇರುವುದಿಲ್ಲ. ಮಾಮೂಲಿ ಪ್ಲಾಸ್ಟಿಕ್ ಜೊತೆ ಅದು ಸೇರಿದರೆ ಮರುಬಳಕೆಯ ಮಾಲೂ ಕೆಡುತ್ತದೆ. ಸುಮ್ನೆ ‘ಬಯೋ’ ಅಂತ ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಕಸದ ಗಾಡಿಯವರು ಎಲ್ಲ ಒಂದೇ ಕಡೆ ಸುರಿಯುತ್ತಾರೆ ಅನ್ನುವುದನ್ನು ನಾನು ಸುಳ್ಳು ಅನ್ನುವುದಿಲ್ಲ. ಕೆಲವು ಕಡೆ, ಕೆಲವು ದಿನ, ಹಾಗೆ ಆಗುತ್ತದೆ. ನಾನೂ ಕಣ್ಣಾರೆ ನೋಡಿದ್ದೇನೆ, ಗಾಡಿಯವರ ಜೊತೆ ಜಗಳವನ್ನೂ ಆಡಿದ್ದೇನೆ. ಆದರೆ ಅಲ್ಲಿ ಏನಾಗುತ್ತದೆ ಅನ್ನುವುದನ್ನು ಅರ್ಥ ಮಾಡಿಕೊಂಡರೆ ಉಪಾಯ ನಮ್ಮ ಕೈಯಲ್ಲೇ ಇದೆ.

ಪ್ಲಾಸ್ಟಿಕ್‌ನಲ್ಲಿ ಮಾರಾಟವಾಗುವುದು, ಆಗದೇ ಇರುವುದು ಅಂತ ಎರಡು ಜಾತಿ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, ನೋಡಿದ್ದೀರಾ? 1 ಅಂದರೆ ನೀರಿನ ಬಾಟಲಿಯ ಪೆಟ್. 2 ಅಂದರೆ ಶಾಂಪೂ ಬಾಟಲಿ, ಎಣ್ಣೆ ಕ್ಯಾನಿನ ಗಟ್ಟಿ ಪಾಲಿಥೀನ್. 4 ಅಂದರೆ ಹಾಲಿನ ಕವರಿನಂಥ ಮೆತ್ತನೆಯದು. 5 ಅಂದರೆ ಪಾಲಿಪ್ರೊಪಿಲೀನ್, ಊಟದ ಡಬ್ಬಿ, ಬಕೆಟ್ಟು. ಇವನ್ನು ಗುಜರಿಯವರು ಕೊಳ್ಳುತ್ತಾರೆ. ಮಾರಾಟವಾಗದೇ ಇರುವುದು ಚಿಪ್ಸ್, ಬಿಸ್ಕತ್ತು, ಸ್ಯಾಶೆಯ ಆ ಮಿಂಚುವ ಹಾಳೆ. ಅದರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳು, ನಡುವೆ ಅಲ್ಯೂಮಿನಿಯಂ ಲೇಪ, ಎಲ್ಲ ಅಂಟಿಕೊಂಡಿರುತ್ತವೆ. ಗಾಳಿ, ತೇವ ತಡೆದು ತಿಂಡಿ ಗರಿಗರಿಯಾಗಿ ಇರಲಿ ಅಂತ ಹಾಗೆ ಮಾಡುವುದು. ಆದರೆ ಆ ಪದರಗಳನ್ನು ಬಿಡಿಸಿ ಕರಗಿಸುವುದು ಯಾರಿಗೂ ಗಿಟ್ಟುವುದಿಲ್ಲ. ಅದೃಷ್ಟ ಚೆನ್ನಾಗಿದ್ದರೆ ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ನಮ್ಮಲ್ಲಿ ಅವು ಹೆಚ್ಚಾಗಿ ಇರುವುದು ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ. ಶಿವಮೊಗ್ಗದಿಂದ ಅಲ್ಲಿಗೆ ಲಾರಿ ಬಾಡಿಗೆಯೇ ದೊಡ್ಡದು, ಹಾಗಾಗಿ ಎಷ್ಟೋ ಸಲ ಅದು ಇಲ್ಲೇ ರಾಶಿ ಬೀಳುತ್ತದೆ.

ಮಾರಾಟವಾಗುವ ಜಾತಿಯದ್ದೂ ಎಲ್ಲ ಸಂದರ್ಭದಲ್ಲೂ ಮಾರಾಟವಾಗುವುದಿಲ್ಲ. ಸಾರು ಮೆತ್ತಿದ ಡಬ್ಬಿ, ಮೊಸರು ಕೊಳೆತು ನಾರುವ ಕವರ್ ಬಂದರೆ ವಿಂಗಡಿಸುವ ಹೆಂಗಸರು ಅದನ್ನು ಪಕ್ಕಕ್ಕೆ ತಳ್ಳುತ್ತಾರೆ. ದಿನಕ್ಕೆ ಇಷ್ಟು ಕಿಲೋ ಅಂತ ಕೆಲಸ ಅವರದು, ತೊಳೆಯುತ್ತಾ ಕೂರಲು ಆಗುವುದಿಲ್ಲ. ಕಪ್ಪು ಡಬ್ಬಿಗೂ ಬೆಲೆ ಕಡಿಮೆ, ಕಪ್ಪನ್ನು ಕರಗಿಸಿದರೆ ಕಪ್ಪೇ ಬರುವುದು, ಬೇರೆ ಬಣ್ಣ ಹತ್ತುವುದಿಲ್ಲ. ಜಗತ್ತಿನಲ್ಲಿ 2015ರ ತನಕ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯಾದದ್ದು ಸುಮಾರು ಶೇ. 9 ಮಾತ್ರ ಎಂದು 2017ರ ಒಂದು ದೊಡ್ಡ ಲೆಕ್ಕ ಹೇಳಿತ್ತು. ಅದಕ್ಕೆ ಕಾರಣಗಳು ಹಲವು. ನಮ್ಮ ಕೈಗೆ ಸಿಗುವ ಕಾರಣ ಒಂದೇ, ಕೊಳಕು.

ಆದ್ದರಿಂದ ಹಾಲಿನ ಕವರ್. ಶೆಡ್ಡಿನಲ್ಲಿ ಅದಕ್ಕೆ ಬೇರೆಯೇ ರಾಶಿ ಇರುತ್ತದೆ, ಮೆತ್ತನೆ ಪ್ಲಾಸ್ಟಿಕ್‌ಗಳಲ್ಲಿ ಒಳ್ಳೆ ಬೆಲೆ ಬರುವ ಮಾಲು ಅದು. ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಬೇರೆಯಾಗದ ಹಾಗೆ, ಒಂದು ಕಡೆ ಅಂಟಿಕೊಂಡಿರುವಂತೆ ಕತ್ತರಿಸಿ. ಆ ಚಿಕ್ಕ ತ್ರಿಕೋನದ ಚೂರನ್ನು ಯಾರೂ ಹೆಕ್ಕುವುದಿಲ್ಲ, ಅದು ನೇರ ಚರಂಡಿಗೆ ಹೋಗುತ್ತದೆ. ಖಾಲಿಯಾದ ತಕ್ಷಣ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಕವರನ್ನು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ. ಒಣಗಿದ್ದನ್ನು ಒಂದು ಚೀಲಕ್ಕೆ ತುಂಬುತ್ತಾ ಹೋಗಿ. ದಿನಕ್ಕೆ ಎರಡು ಅರ್ಧ ಲೀಟರ್ ಅಂದರೆ ವರ್ಷಕ್ಕೆ 730 ಕವರ್. ಒಂದೊಂದೂ ಎರಡು ಗ್ರಾಂ ಮೇಲೆ ತೂಗುತ್ತದೆ, ಒಟ್ಟು ಒಂದೂವರೆ ಕಿಲೋ ದಾಟುತ್ತದೆ. ನೀರಿನ ಬಾಟಲಿ, ಎಣ್ಣೆ ಕ್ಯಾನು, ಶಾಂಪೂ ಬಾಟಲಿ, ಹಳೇ ಪೇಪರ್ ಇದರ ಜೊತೆ ಸೇರಿಸಿ ಎರಡು ಮೂರು ತಿಂಗಳಿಗೊಮ್ಮೆ ಗುಜರಿಗೇ ನೇರ ಕೊಡಿ. ಆಗ ಕಸದ ಗಾಡಿ ಬೆರೆಸುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಈ ಪಾಲಿಗೆ ಬರುವುದಿಲ್ಲ. ಗಾಡಿಗೆ ಕೊಡಬೇಕಾದ್ದು ಉಳಿದ ಒಣಕಸ ಮಾತ್ರ. ಹಸಿಕಸದ ಜೊತೆ ಬೆರೆಸದೆ, ಒಣಕಸ ತೆಗೆದುಕೊಳ್ಳುವ ದಿನವೇ.

ಬಚ್ಚಲು ಒಲೆಗೆ ಮಾತ್ರ ದಯವಿಟ್ಟು ಬೇಡ. ಅತ್ತೆಯವರಿಗೆ ಹೇಳುವಾಗ ನಿಜವನ್ನೇ ಹೇಳಿ, ಹೆದರಿಸಬೇಡಿ. ಹಾಲಿನ ಕವರಿನಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಅದೊಂದರಿಂದ ಡಯಾಕ್ಸಿನ್ ಎಂಬ ಕೆಟ್ಟ ವಿಷ ಹುಟ್ಟುತ್ತದೆ ಅನ್ನುವುದು ಸರಿಯಲ್ಲ. ಆದರೆ ಅರೆಬರೆ ಉರಿದು ಬರುವ ಮಸಿ ಮತ್ತು ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅದನ್ನು ಬಗ್ಗಿ ಊದುವವರು ಅವರೇ. ಇನ್ನೊಂದು, ಒಲೆಗೆ ಒಂದು ಕವರ್ ಹಾಕುವ ಅಭ್ಯಾಸವಾದರೆ ಅದರ ಹಿಂದೆ ರೆಕ್ಸಿನ್ ತುಂಡು, ಹಳೇ ಚಪ್ಪಲಿ, ವೈರು, ಪೈಪಿನ ಚೂರು ಎಲ್ಲ ಹೋಗುತ್ತದೆ. ಅವುಗಳಲ್ಲಿ ಪಿವಿಸಿ ಎಂಬ ಕ್ಲೋರಿನ್ ಇರುವ ಪ್ಲಾಸ್ಟಿಕ್ ಇರುತ್ತದೆ, ಡಯಾಕ್ಸಿನ್ ಬರುವುದು ಅಲ್ಲಿಂದ. ಸಿಮೆಂಟ್ ಕುಲುಮೆಯಲ್ಲಿ ಸುಡಬಹುದಾದರೆ ನಮ್ಮ ಒಲೆಯಲ್ಲಿ ಯಾಕೆ ಬೇಡ ಅಂತ ಒಬ್ಬ ರೈತರು ನನ್ನನ್ನು ಕೇಳಿದ್ದರು, ನ್ಯಾಯವಾದ ಪ್ರಶ್ನೆ. ಆ ಕುಲುಮೆಯಲ್ಲಿ ಮಾಲು 1,450 ಡಿಗ್ರಿ ತನಕ ಕಾಯುತ್ತದೆ. ಡಯಾಕ್ಸಿನ್ ನಾಶವಾಗಲು 850 ಡಿಗ್ರಿ ಮೇಲಿನ ಬಿಸಿಯಲ್ಲಿ ಹೊಗೆ ಕನಿಷ್ಠ ಎರಡು ಸೆಕೆಂಡ್ ಇರಬೇಕು ಅಂತ ಲೆಕ್ಕ. ನಮ್ಮ ಒಲೆಯ ಹೊಗೆ ಕ್ಷಣದಲ್ಲಿ ತಣ್ಣಗಾಗಿ ಹೆಂಚಿನ ಸಂದಿಯಿಂದ ಹೊರಗೆ ಬರುತ್ತದೆ. ಬೂದಿಯನ್ನು ಬೇರೆ ನಾವು ತೆಂಗಿನ ಬುಡಕ್ಕೋ, ಪಾತ್ರೆ ತಿಕ್ಕಲೋ ಬಳಸುತ್ತೇವೆ.

ಅವರಿಗೆ ಬೇಕಾದ್ದು ಬೆಳಿಗ್ಗೆ ಬೇಗ ಹತ್ತಿಕೊಳ್ಳುವ ವಸ್ತು, ಅಷ್ಟೇ. ಮಳೆಗಾಲದಲ್ಲಿ ಮಲೆನಾಡಿನ ಹಸಿ ಸೌದೆ ಹೊತ್ತಿಸುವ ಕಷ್ಟ ಮಾಡಿದವರಿಗೇ ಗೊತ್ತು. ಬೇಸಿಗೆಯಲ್ಲೇ ಅಡಿಕೆ ಸಿಪ್ಪೆ, ತೆಂಗಿನ ಕರಟ, ಒಣ ಸೋಗೆ, ಗರಿ ಒಂದು ಮೂಟೆ ಒಲೆಯ ಪಕ್ಕ ಬೆಚ್ಚಗೆ ಇಡುವ ಏರ್ಪಾಡು ಮಾಡಿ. ಕವರ್ ಕೈಗೆ ಸಿಗದ ಹಾಗೆ ಮೊದಲೇ ತಂತಿಗೆ ಹೋಗಿರಲಿ. ನಾನು ನೋಡಿದ ಮನೆಗಳಲ್ಲಿ ಮಾತಿಗಿಂತ ಈ ಮೂಟೆ ಹೆಚ್ಚು ಕೆಲಸ ಮಾಡಿದೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಹೊಸದೇನೂ ಕೊಳ್ಳಬೇಡಿ. ಒಂದು ವಾರದ ಒಣಕಸವನ್ನು ಎಸೆಯದೆ ಇಟ್ಟು, ಭಾನುವಾರ ಜಗಲಿಯ ಮೇಲೆ ಹಳೇ ಚಾಪೆ ಹಾಸಿ ಸುರಿಯಿರಿ. ಮಕ್ಕಳನ್ನೂ ಕೂರಿಸಿಕೊಳ್ಳಿ, ಅವರಿಗೆ ಎಣಿಸುವುದು ಇಷ್ಟ. ಯಾವುದು ಎಷ್ಟು ಅಂತ ಚೀಟಿಯಲ್ಲಿ ಬರೆಯಿರಿ. ಐದು ಜನರ ಮನೆಗಳಲ್ಲಿ ನಾನು ಇದನ್ನು ಬಹಳ ಸಲ ಮಾಡಿಸಿದ್ದೇನೆ, ಹೆಚ್ಚುಕಡಿಮೆ ನಾಲ್ಕೈದು ವಸ್ತುಗಳೇ ಅರ್ಧಕ್ಕಿಂತ ಜಾಸ್ತಿ ಇರುತ್ತವೆ. ಆ ನಾಲ್ಕೈದನ್ನು ಹಿಡಿಯಿರಿ, ಉಳಿದದ್ದನ್ನು ಈಗ ಬಿಡಿ.

ಬಹುಶಃ ಮೇಲೆ ಬರುವುದು ಹಾಲು. ಹತ್ತಿರದಲ್ಲಿ ಹಸು ಕಟ್ಟಿದವರು ವರ್ತನೆ ಹಾಲು ಕೊಡುತ್ತಾರಾ ಕೇಳಿ, ತಂಬಿಗೆ ಒಯ್ದರೆ ಆಯಿತು. ಆ ಹಾಲು ಪಾಶ್ಚರೀಕರಣ ಆಗಿರುವುದಿಲ್ಲ, ಹಾಗಾಗಿ ಚೆನ್ನಾಗಿ ಕುದಿಸದೆ ಯಾರೂ ಕುಡಿಯಬಾರದು, ಮಕ್ಕಳಂತೂ ಬೇಡವೇ ಬೇಡ. ಹಸುವಿಗೆ ಔಷಧಿ ಕೊಟ್ಟ ದಿನಗಳಲ್ಲಿ ಹಾಲು ಕೊಡದಷ್ಟು ನಿಯತ್ತಿನ ಮನೆಯಾಗಿರಬೇಕು. ಅದು ಆಗದಿದ್ದರೆ ಎರಡು ಅರ್ಧ ಲೀಟರ್ ಬದಲು ಒಂದು ಲೀಟರಿನ ಒಂದೇ ಪ್ಯಾಕೆಟ್ ತನ್ನಿ, ಪ್ಲಾಸ್ಟಿಕ್ ಸ್ವಲ್ಪ ಉಳಿಯುತ್ತದೆ. ಮೊಸರಿಗೆ ಮನೆಯಲ್ಲೇ ಹೆಪ್ಪು ಹಾಕುತ್ತೀರಿ ಅಂದುಕೊಂಡಿದ್ದೇನೆ.

ಎರಡನೆಯದು ಮಕ್ಕಳ ಐದು ರೂಪಾಯಿ ಪ್ಯಾಕೆಟ್ಟುಗಳು. ಎಣಿಕೆಯಲ್ಲಿ ಇದೇ ಜಾಸ್ತಿ, ಮರುಬಳಕೆಯಲ್ಲಿ ಸೊನ್ನೆ. ಪೂರ್ತಿ ನಿಲ್ಲಿಸುತ್ತೇನೆ ಅಂತ ಹೊರಟರೆ ಮನೆಯಲ್ಲಿ ರಂಪ ಆಗುತ್ತದೆ. ಕಾಂಡಿಮೆಂಟ್ಸ್ ಅಂಗಡಿಗೆ ಸ್ಟೀಲ್ ಡಬ್ಬ ಒಯ್ದು ಚಕ್ಕುಲಿ, ನಿಪ್ಪಟ್ಟು, ಖಾರದ ಅವಲಕ್ಕಿ ತೂಗಿಸಿಕೊಂಡು ಬನ್ನಿ. ಮಂಡಕ್ಕಿ ಒಂದು ಸೇರು ಮನೆಯಲ್ಲಿದ್ದರೆ ಸಂಜೆಯ ಅರ್ಧ ಹಸಿವು ಅಲ್ಲೇ ತೀರುತ್ತದೆ. ವಾರಕ್ಕೆ ಎರಡು ಪ್ಯಾಕೆಟ್ ಅವರ ಪಾಲಿಗೆ ಇರಲಿ ಬಿಡಿ.

ಶಾಂಪೂ ಸ್ಯಾಶೆ ಬಿಟ್ಟು ಬಾಟಲಿ. ಒಂದೇ ಅಳತೆಯ ಶಾಂಪೂಗೆ ಸ್ಯಾಶೆಗಳಲ್ಲಿ ಹಾಳೆ ಬಹಳ ಹೋಗುತ್ತದೆ, ಅದನ್ನು ಯಾರೂ ಕೊಳ್ಳುವುದಿಲ್ಲ. ಬಾಟಲಿಯನ್ನು ಗುಜರಿಯವರು ಒಯ್ಯುತ್ತಾರೆ.

ಎಣ್ಣೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಉಳಿಸಲು ಬಿಡಿ ಎಣ್ಣೆ ಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಅಡುಗೆ ಎಣ್ಣೆಯನ್ನು ಬಿಡಿಯಾಗಿ ಮಾರುವುದಕ್ಕೆ ಆಹಾರ ಸುರಕ್ಷತಾ ನಿಯಮಗಳಲ್ಲಿ ತಡೆ ಇದೆ, ಅದಕ್ಕೆ ಕಾರಣವೂ ಇದೆ. 1998ರಲ್ಲಿ ದೆಹಲಿಯಲ್ಲಿ ಅರಿಸಿನ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಕಣ್ಣೆದುರೇ ಆಡಿಸುವ ಗಾಣ ಇದ್ದರೆ ಸರಿ. ಇಲ್ಲವಾದರೆ ಲೀಟರ್ ಪ್ಯಾಕೆಟ್ ಬದಲು ಐದು ಲೀಟರಿನ ಕ್ಯಾನು ತನ್ನಿ. ಎಣ್ಣೆ ಪ್ಯಾಕೆಟ್ಟಿನ ಜಿಡ್ಡು ಇಡೀ ಚೀಲದ ಒಣಕಸವನ್ನು ಕೆಡಿಸುತ್ತದೆ, ಕ್ಯಾನನ್ನು ನೀವೇ ಮತ್ತೆ ಬಳಸಬಹುದು. ಬೇಳೆ, ಅಕ್ಕಿ, ರಾಗಿ ಬಿಡಿಯಾಗಿ ತರಲು ಅಡ್ಡಿಯಿಲ್ಲ. ಪ್ಯಾಕೆಟ್ ಮೇಲೆ ಇರುವ ತಾರೀಕು ಇದರಲ್ಲಿ ಇರುವುದಿಲ್ಲ, ಹಾಗಾಗಿ ನಂಬಿಕೆಯ ಕಿರಾಣಿ ಅಂಗಡಿಯಿಂದ ತಿಂಗಳಿಗೆ ಆಗುವಷ್ಟೇ ತನ್ನಿ, ಬಿಸಿಲಿಗೆ ಹಾಕಿ ಡಬ್ಬಕ್ಕೆ ತುಂಬಿ. ಮಳೆಗಾಲದಲ್ಲಿ ಹುಳ ಹಿಡಿದು ಎಸೆದರೆ ಅದೂ ನಷ್ಟವೇ.

ಸ್ಯಾನಿಟರಿ ಪ್ಯಾಡ್ ಬಗ್ಗೆ ನೀವು ಬರೆದಿಲ್ಲ, ಆದರೂ ಒಂದು ಮಾತು. ಅದರಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ. ಮುಟ್ಟಿನ ಕಪ್ ಕೆಲವರಿಗೆ ಚೆನ್ನಾಗಿ ಹೊಂದುತ್ತದೆ, ಕೆಲವರಿಗೆ ಆಗುವುದಿಲ್ಲ, ಅದು ಅವರವರ ದೇಹದ ವಿಷಯ. ಪ್ಯಾಡ್ ಬಳಸುವುದಾದರೆ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಅದನ್ನು ಬರಿಗೈಯಲ್ಲಿ ಬಿಡಿಸಬೇಕಾದವರು ನಮ್ಮ ಪೌರಕಾರ್ಮಿಕರು.

ಇನ್ನು ‘ನಮ್ಮೊಂದು ಮನೆಯಿಂದ ಏನಾಗುತ್ತೆ’ ಅನ್ನುವ ಪ್ರಶ್ನೆ. ಯಜಮಾನರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ನಿಷೇಧ ಇದೆ. ದೇಶಕ್ಕೆಲ್ಲ 2022ರ ಜುಲೈ 1ರಿಂದ ಸ್ಟ್ರಾ, ಚಮಚ, ತಟ್ಟೆಯಂಥ ಒಂದೇ ಸಲ ಬಳಸುವ ವಸ್ತುಗಳ ನಿಷೇಧ ಬಂತು. ಆದರೆ ಚಿಪ್ಸ್ ಪ್ಯಾಕೆಟ್ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಮಾರುವ ಕಂಪನಿಗಳು ಅಷ್ಟು ಪ್ಲಾಸ್ಟಿಕ್ ಕಸವನ್ನು ವಾಪಸ್ ಎತ್ತಿ ವಿಲೇವಾರಿ ಮಾಡಿಸುವ ಹೊಣೆ ಹೊರಬೇಕು ಅಂತ ನಿಯಮ ಮಾತ್ರ ಇದೆ. ದೊಡ್ಡ ಹೊಣೆ ಅವರದ್ದೇ, ಅದನ್ನು ಒಬ್ಬ ಗೃಹಿಣಿಯ ತಲೆಗೆ ಕಟ್ಟುವುದು ನನಗೂ ಒಪ್ಪಿಗೆಯಿಲ್ಲ.

ಆದರೆ ಒಂದು ಮನೆ ಬೇರೆ, ಒಂದು ಬೀದಿ ಬೇರೆ. ನಿಮ್ಮ ಮನೆಯ ಒಂದು ಚೀಲ ಒಣಕಸಕ್ಕೆ ಯಾವ ಗುಜರಿಯವನೂ ಬರುವುದಿಲ್ಲ. ಮೂವತ್ತು ಮನೆಯವರು ತಿಂಗಳ ಒಂದು ಭಾನುವಾರ ಒಂದೇ ಜಾಗಕ್ಕೆ ತಂದರೆ ಆಟೋ ತೆಗೆದುಕೊಂಡು ಅವನೇ ಬರುತ್ತಾನೆ. ನಾನು ಇದ್ದ ಒಂದು ಬಡಾವಣೆಯಲ್ಲಿ ಹೀಗೆ ಶುರು ಮಾಡಿದ್ದು ಇಬ್ಬರು ಹೆಂಗಸರು, ಗಾಡಿ ಬಾರದ ಸಿಟ್ಟಿನಲ್ಲಿ. ಮೊದಲ ತಿಂಗಳು ಏಳು ಮನೆ. ಕಸದ ಗಾಡಿಯ ಹುಡುಗನಿಗೂ ಬೆರೆಯದ ಕಸ ಸಿಕ್ಕಾಗ ಅದರಲ್ಲಿ ಮಾರುವ ಮಾಲು ಉಳಿಯುತ್ತದೆ, ಅವನೇ ಬೇರೆ ಬೇರೆ ಇಡಲು ಶುರು ಮಾಡಿದ. ಕರಾವಳಿಯಲ್ಲಿ ಕಾರ್ಕಳದ ನಿಟ್ಟೆಯಂಥ ಕಡೆ ಸುತ್ತಲಿನ ಹತ್ತಾರು ಪಂಚಾಯಿತಿಗಳ ಒಣಕಸ ಒಂದೇ ಘಟಕಕ್ಕೆ ಬಂದು ವಿಂಗಡಣೆಯಾಗುತ್ತದೆ. ಅಂಥ ಘಟಕ ನಡೆಯುವುದು ಮನೆಯಲ್ಲೇ ಬೇರೆ ಮಾಡಿ ಕೊಟ್ಟ ಒಣ ಮಾಲಿನಿಂದ.

ಕೊನೆಗೆ ನಾಮಕರಣ, ಇದಕ್ಕೆ ಗಡುವು ಇರುವುದರಿಂದ ನಾಳೆಯೇ ಕೈ ಹಾಕಿ. ನೂರೈವತ್ತು ಜನರ ಊಟದಲ್ಲಿ ಪ್ಲಾಸ್ಟಿಕ್ ಬರುವುದು ಮುಖ್ಯವಾಗಿ ಮೂರು ದಾರಿಯಲ್ಲಿ: ನೀರಿನ ಚಿಕ್ಕ ಬಾಟಲಿ, ಲೋಟ, ಎಲೆ. ಚಿಕ್ಕ ಬಾಟಲಿ ಒಬ್ಬರಿಗೆ ಎರಡು ಅಂದರೆ 300 ಬಾಟಲಿ, ಅರ್ಧ ಕುಡಿದು ಬಿಟ್ಟದ್ದೇ ಜಾಸ್ತಿ. ಬದಲಿಗೆ 20 ಲೀಟರಿನ ಆರು ಕ್ಯಾನು ಸಾಕು, ಬಿಸಿಲ ದಿನವಾದರೆ ಎಂಟು ಇರಲಿ. ಲೋಟ ಸ್ಟೀಲಿನದು, ಶಾಮಿಯಾನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಎಂಬ ಸಂಸ್ಥೆಯವರು ತಟ್ಟೆ, ಲೋಟದ ಪ್ಲೇಟ್ ಬ್ಯಾಂಕನ್ನೇ ನಡೆಸುತ್ತಾರೆ. ನಿಮ್ಮಲ್ಲಿ ದೇವಸ್ಥಾನದವರು, ಮಹಿಳಾ ಸಂಘದವರು ಇಟ್ಟಿರುತ್ತಾರಾ ವಿಚಾರಿಸಿ.

ಎಲೆಯ ವಿಷಯದಲ್ಲಿ ಕಣ್ಣಿಟ್ಟು ನೋಡಿ. ಬಾಳೆ ಎಲೆಯ ಆಕಾರದಲ್ಲಿ ಹಸಿರು ಬಣ್ಣದ ಪೇಪರ್ ಎಲೆ ಬರುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಮುತ್ತುಗದ ಎಲೆಯ ಊಟದೆಲೆಗೂ ಈಗ ಕೆಳಗಡೆ ರಟ್ಟು, ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಾರುತ್ತಾರೆ. ಒಂದು ಮೂಲೆ ನೀರಲ್ಲಿ ನೆನೆಸಿ ಉಗುರಿನಿಂದ ಎಬ್ಬಿಸಿದರೆ ಪೊರೆ ಎದ್ದು ಬರುತ್ತದೆ. ಬಾಳೆ ಎಲೆ ಹಿತ್ತಲಲ್ಲೋ ಸಂತೆಯಲ್ಲೋ ಸಿಗುತ್ತದೆ. ತಿಂಡಿಗೆ ಅಡಿಕೆ ಹಾಳೆ ತಟ್ಟೆಗೆ ನಿಮ್ಮ ಕಡೆ ಬರವಿಲ್ಲ. ಊಟವಾದ ಮೇಲೆ ಎಲ್ಲವೂ ಗೊಬ್ಬರದ ಗುಂಡಿಗೆ.

ಲೋಟ ತೊಳೆಯುವವರು ಯಾರು ಅನ್ನುವಲ್ಲಿ ಈ ಯೋಜನೆಗಳು ಮುರಿದುಬೀಳುತ್ತವೆ, ನಾನು ಎಷ್ಟೋ ಸಮಾರಂಭಗಳಲ್ಲಿ ನೋಡಿದ್ದೇನೆ. ಊಟದ ಹೊತ್ತಿಗೆ ಲೋಟ ಸಾಲದೆ ಯಾರೋ ಓಡಿಹೋಗಿ ಪೇಪರ್ ಕಪ್ಪಿನ ಕಟ್ಟು ತರುತ್ತಾರೆ. ಆದ್ದರಿಂದ ತೊಳೆಯಲೆಂದೇ ಇಬ್ಬರನ್ನು ಬೇರೆ ಕೂಲಿ ಕೊಟ್ಟು ಗೊತ್ತು ಮಾಡಿ, ಅದನ್ನು ನಿಮ್ಮ ಅತ್ತೆಯ ಮೇಲೋ ನಾದಿನಿಯ ಮೇಲೋ ಹಾಕಬೇಡಿ. ಜನ ನೂರೈವತ್ತಾದರೆ ಲೋಟ ಇನ್ನೂರೈವತ್ತು ಹೇಳಿ, ನೀರಿಗೊಂದು, ಪಾಯಸಕ್ಕೊಂದು ಬೇಕಾಗುತ್ತದೆ, ಪಂಕ್ತಿಗಳ ನಡುವೆ ತೊಳೆಯಲು ಸಮಯ ಸಿಗುತ್ತದೆ. ಅಡುಗೆಯವರಿಗೆ ಅಡ್ವಾನ್ಸ್ ಕೊಡುವ ಮುಂಚೆಯೇ ‘ಬಾಟಲಿ, ಪೇಪರ್ ಕಪ್, ಪೇಪರ್ ಎಲೆ ಬೇಡ’ ಅಂತ ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ, ಅವರ ರೇಟಿನಲ್ಲಿ ಅವು ಸೇರಿಯೇ ಇರುತ್ತವೆ. ಆ ದಿನ ಮುಹೂರ್ತ ಚೆನ್ನಾಗಿದ್ದರೆ ಊರಲ್ಲಿ ಮದುವೆಗಳೂ ಇರುತ್ತವೆ, ಶಾಮಿಯಾನದವರ ಹತ್ತಿರ ಲೋಟ ಮೊದಲೇ ಖಾಲಿಯಾಗುತ್ತದೆ. ಈ ವಾರವೇ ಹೋಗಿ ಹೇಳಿಬನ್ನಿ.